ಬರೆಯದ ನಿಯಮ

ಆಟವೆಂದ ಮೇಲೆ ನಿಯಮಗಳಿರಲೇಬೇಕು. ಅಂಗಳದ ಅಳತೆ, ಆಟಗಾರರ ಸಂಖ್ಯೆ, ಗೆಲುವಿನ ಲೆಕ್ಕ, ತಪ್ಪಿಗೆ ದಂಡ – ಇವೆಲ್ಲವೂ ಪುಸ್ತಕದಲ್ಲಿ ಅಚ್ಚಾಗಿರುತ್ತವೆ; ತೀರ್ಪುಗಾರನು ಅವುಗಳನ್ನು ಅರಗಿಸಿಕೊಂಡು ಸೀಟಿ ಹಿಡಿದು ನಿಂತಿರುತ್ತಾನೆ. ಆದರೆ ಈ ಪುಸ್ತಕದ ಹೊರಗೆ ಇನ್ನೊಂದು ಬಗೆಯ ನಿಯಮಗಳೂ ಉಂಟು. ಅವುಗಳನ್ನು ಯಾರೂ ಬರೆದಿಟ್ಟಿಲ್ಲ. ಮುರಿದವನಿಗೆ ಯಾವ ತೀರ್ಪುಗಾರನೂ ದಂಡ ವಿಧಿಸಲಾರನು. ಹಾಗಿದ್ದರೂ ಆಟಗಾರರೆಲ್ಲರೂ ಅವುಗಳನ್ನು ಬಲ್ಲರು, ಬಹುಮಟ್ಟಿಗೆ ಪಾಲಿಸುತ್ತಾರೆ, ಪಾಲಿಸದವನನ್ನು ಬಹುಕಾಲ ಮರೆಯುವುದಿಲ್ಲ. ಇಂತಹ ಬರೆಯದ ನಿಯಮಗಳು ಬೇರೆ ಯಾವ ಆಟಕ್ಕಿಂತಲೂ ಹೆಚ್ಚಾಗಿ ಬೆಳೆದು ನಿಂತಿರುವುದು ರಸ್ತೆಯ ಮೇಲಿನ ಸೈಕಲ್ ಸ್ಪರ್ಧೆಯಲ್ಲಿ. ಹಾಗೇಕೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಗಾಳಿಯ ವಿಚಾರವನ್ನು ತಿಳಿಯಬೇಕು.

ಉಡುಪಿ ಜಿಲ್ಲೆಯ ತೆಂಕಣ ಅಂಚಿನಲ್ಲಿ ಹೆಜಮಾಡಿ ಎಂಬ ಕಡಲಕರೆಯ ಊರಿದೆ. ಶಾಂಭವಿ ನದಿಯನ್ನು ದಾಟಿದರೆ ಮೂಲ್ಕಿ. ಅಲ್ಲಿಂದ ಮುಂದೆ ದಕ್ಷಿಣ ಕನ್ನಡ ಜಿಲ್ಲೆ. ಹಿಂದೆ 17ನೆಯ ಸಂಖ್ಯೆಯಿದ್ದು ಈಗ 66 ಎಂದು ಕರೆಯಿಸಿಕೊಳ್ಳುವ ರಾಷ್ಟ್ರೀಯ ಹೆದ್ದಾರಿ ಈ ಊರನ್ನು ಸೀಳಿಕೊಂಡು ಬಡಗಣಕ್ಕೆ ಪಡುಬಿದ್ರಿಯ ಕಡೆಗೆ ಸಾಗುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಕಳೆದ ಮೇಲೆ ಕಡಲಿನಿಂದ ವಾಯವ್ಯದ ಗಾಳಿ ಎದ್ದು ಈ ರಸ್ತೆಗೆ ಓರೆಯಾಗಿ ಬೀಸುವುದು ವಾಡಿಕೆ. ಆ ಹೊತ್ತಿನಲ್ಲಿ ಪಡುಬಿದ್ರಿಯ ಕಡೆಗೆ ಸೈಕಲ್ ತುಳಿಯುವ ಹುಡುಗನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಒಬ್ಬನೇ ಹೋಗುವಾಗ ಎದೆಗೆ ಗೋಡೆ ಅಡ್ಡ ನಿಂತಂತಾಗುತ್ತದೆ. ಗೆಳೆಯನೊಬ್ಬನ ಹಿಂದೆ, ಗಾಳಿಗೆ ಮರೆಯಾಗಿ, ಅವನ ಹಿಂಬದಿಯ ಚಕ್ರಕ್ಕೆ ತೀರ ಸಮೀಪದಲ್ಲಿ ಹೋದರೆ ಅದೇ ರಸ್ತೆ ಹಗುರಾಗುತ್ತದೆ. ಮುಂದಿನವನು ದಣಿದಾಗ ಹಿಂದಿನವನು ಮುಂದೆ ಬರುತ್ತಾನೆ. ಹೀಗೆ ಸರದಿಯ ಮೇಲೆ ಗಾಳಿಯನ್ನು ಹಂಚಿಕೊಂಡು ಹೋಗುವ ಇಬ್ಬರು ಒಬ್ಬಂಟಿಗಿಂತ ಬೇಗ ಊರು ಸೇರುತ್ತಾರೆ.

ಸೈಕಲ್ ಸ್ಪರ್ಧೆಯ ಮರ್ಮವೆಲ್ಲ ಇಷ್ಟರಲ್ಲೇ ಅಡಗಿದೆ. ವೇಗ ಹೆಚ್ಚಿದಂತೆ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುತ್ತದೆ. ಒಬ್ಬನ ಹಿಂದೆ ಒಬ್ಬರು ನೂರಾರು ಸವಾರರು ಒತ್ತೊತ್ತಾಗಿ ಸಾಗುವ ಗುಂಪಿಗೆ ಫ್ರೆಂಚ್ ಭಾಷೆಯಲ್ಲಿ ಪೆಲೊಟಾನ್ ಎಂದು ಹೆಸರು. 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ 121 ಸವಾರರ ಸಣ್ಣ ಪ್ರತಿಕೃತಿಗಳನ್ನು ಗಾಳಿಸುರಂಗದಲ್ಲಿ ನಿಲ್ಲಿಸಿ ಅಳೆದಾಗ, ಗುಂಪಿನ ನಡುಭಾಗದಲ್ಲಿ ಸಂರಕ್ಷಿತನಾದವನು ಒಬ್ಬಂಟಿ ಸವಾರನು ಎದುರಿಸುವ ಗಾಳಿಯ ತಡೆಯಲ್ಲಿ ಹತ್ತರಲ್ಲೊಂದು ಪಾಲನ್ನೋ ಅದಕ್ಕಿಂತಲೂ ಕಡಿಮೆಯನ್ನೋ ಎದುರಿಸುತ್ತಾನೆಂದು ಕಂಡುಬಂದಿತು. ಎಂದ ಮೇಲೆ, ತನ್ನನ್ನು ಸೋಲಿಸಲು ಬಂದಿರುವವನ ಬೆನ್ನೇ ಸವಾರನಿಗೆ ಆಸರೆ. ಎದುರಾಳಿಯ ನೆರವಿಲ್ಲದೆ ಎದುರಾಳಿಯನ್ನು ಗೆಲ್ಲಲಾಗದ ಆಟ ಇದು. ಓಟದ ಪಂದ್ಯದಲ್ಲಾಗಲಿ ಕುಸ್ತಿಯಲ್ಲಾಗಲಿ ಇಂತಹ ಪೇಚು ಇಷ್ಟರ ಮಟ್ಟಿಗೆ ಇಲ್ಲ.

ಈ ಬಗೆಯ ಸ್ಪರ್ಧೆಗಳಲ್ಲಿ ಹಿರಿದಾದುದು ಟೂರ್ ಡಿ ಫ್ರಾನ್ಸ್. ‘ಲೋಟೋ’ ಎಂಬ ಪತ್ರಿಕೆಯು ತನ್ನ ಮಾರಾಟವನ್ನು ಹೆಚ್ಚಿಸಿಕೊಳ್ಳುವ ಸಲುವಾಗಿ 1903ರಲ್ಲಿ ಇದನ್ನು ಹೂಡಿತು. ಅದರ ಸಂಪಾದಕ ಆಂರಿ ದೆಗ್ರಾಂಜ್ ಎಂಬಾತನೇ ಸೂತ್ರಧಾರ. ಇಂದು ಇದು ಮೂರು ವಾರಗಳ, 21 ಹಂತಗಳ, ಸುಮಾರು 3,400 ಕಿಲೋಮೀಟರುಗಳ ಸ್ಪರ್ಧೆ. ಹೆಜಮಾಡಿಯಿಂದ ಹೊರಟವನು ದೆಹಲಿಯನ್ನು ಮುಟ್ಟಿ, ಮರಳಿ ಅರ್ಧ ದಾರಿ ಬಂದರೆ ಹೆಚ್ಚುಕಡಮೆ ಇಷ್ಟೇ ದೂರವಾದೀತು. ಆದರೆ ಅವನ ದಾರಿಯಲ್ಲಿ ಆಲ್ಪ್ಸ್, ಪಿರೆನೀಸ್ ಪರ್ವತಗಳು ಇರುವುದಿಲ್ಲ. ಎಲ್ಲ ಹಂತಗಳ ಕಾಲವನ್ನು ಕೂಡಿಸಿದಾಗ ಯಾರದು ಅತಿ ಕಡಿಮೆಯೋ ಅವನೇ ವಿಜಯಿ. ಅಂದಂದಿನ ಮುಂದಾಳು 1919ರಿಂದ ಹಳದಿ ಅಂಗಿಯನ್ನು ತೊಡುತ್ತ ಬಂದಿದ್ದಾನೆ. ಸವಾರರೆಲ್ಲರೂ ಸಂಬಳಕ್ಕೆ ದುಡಿಯುವ ವೃತ್ತಿಪರರು. ತಂಡಕ್ಕೆ ಎಂಟು ಜನ. ಅವರಲ್ಲಿ ಒಬ್ಬನು ನಾಯಕ, ಮಿಕ್ಕವರು ಹೆಚ್ಚಾಗಿ ಅವನ ಊಳಿಗದವರು. ಅವನಿಗೆ ನೀರು ತಂದುಕೊಡುವುದು, ಗಾಳಿಗೆ ಮರೆಯಾಗುವುದು, ಅವನ ಚಕ್ರ ಪಂಕ್ಚರಾದರೆ ತನ್ನದನ್ನೇ ಬಿಚ್ಚಿಕೊಡುವುದು – ಇವು ಅವರ ಕೆಲಸ. ಅವರ ಹೆಸರುಗಳು ಗೆದ್ದವರ ಪಟ್ಟಿಯಲ್ಲಿ ಕಾಣುವುದಿಲ್ಲ.

ಈ ಸ್ಪರ್ಧೆಗೆ ಬರೆದ ನಿಯಮಗಳು ಬೇಕಾದಷ್ಟಿವೆ. ಮೊದಮೊದಲು ಅವು ಕ್ರೂರವೆನ್ನುವಷ್ಟು ಕಠಿಣವಾಗಿದ್ದವು. 1913ರಲ್ಲಿ ಯೂಜಿನ್ ಕ್ರಿಸ್ತೋಫ್ ಎಂಬ ಫ್ರೆಂಚ್ ಸವಾರನು ಪಿರೆನೀಸಿನ ತೂರ್ಮಲೇ ಘಾಟಿಯನ್ನು ಇಳಿಯುತ್ತಿದ್ದಾಗ ಅವನ ಸೈಕಲ್ಲಿನ ಮುಂದಿನ ಕವೆ ಮುರಿಯಿತು. ಯಾರ ನೆರವನ್ನೂ ಪಡೆಯಕೂಡದು, ಸೈಕಲ್ಲನ್ನು ಬದಲಿಸಕೂಡದು ಎಂಬುದು ಅಂದಿನ ಕಟ್ಟಳೆ. ಆತ ಸೈಕಲ್ಲನ್ನು ಹೆಗಲಿಗೇರಿಸಿ, ಹತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿಯನ್ನು ನಡೆದು, ಬೆಟ್ಟದ ಬುಡದ ಹಳ್ಳಿಯೊಂದರ ಕಮ್ಮಾರಸಾಲೆಯನ್ನು ಸೇರಿದ. ಕಮ್ಮಾರನು ಪಕ್ಕದಲ್ಲಿ ನಿಂತು ನೋಡುತ್ತಿರಲು, ಕಬ್ಬಿಣವನ್ನು ತಾನೇ ಕಾಯಿಸಿ, ತಾನೇ ಬಡಿದು, ಕವೆಯನ್ನು ಬೆಸೆದ. ಅಧಿಕಾರಿಗಳು ಬಾಗಿಲಲ್ಲೇ ಕಾವಲಿದ್ದರು. ಎರಡು ಕೈಯೂ ಕೆಲಸದಲ್ಲಿದ್ದುದರಿಂದ ತಿದಿಯನ್ನೊತ್ತಲು ಒಬ್ಬ ಹುಡುಗನ ಸಹಾಯ ಪಡೆದದ್ದು ಅವರ ಕಣ್ಣಿಗೆ ಬಿದ್ದಿತು. ಅದಕ್ಕಾಗಿ ಅವನ ಲೆಕ್ಕಕ್ಕೆ ದಂಡದ ನಿಮಿಷಗಳನ್ನು ಸೇರಿಸಿದರು! ಗಂಟೆಗಟ್ಟಲೆ ಹಿಂದುಳಿದವನಿಗೆ ಆ ದಂಡದಿಂದ ಆಗುವ ನಷ್ಟವೇನು ಎಂಬುದು ಬೇರೆ ಮಾತು. ನಿಯಮದ ಅಕ್ಷರವು ಉಳಿಯಿತು. ಆರು ವರ್ಷಗಳ ತರುವಾಯ ಹಳದಿ ಅಂಗಿಯನ್ನು ತೊಟ್ಟ ಮೊದಲ ಸವಾರನೂ ಇದೇ ಕ್ರಿಸ್ತೋಫನೇ. ಆ ವರ್ಷವೂ ಅವನ ಕವೆ ಮುರಿದು ಗೆಲುವು ಕೈತಪ್ಪಿತೆಂಬುದು ವಿಧಿಯ ವಿನೋದ.

ಬರೆದ ನಿಯಮಗಳು ಹೀಗಿದ್ದರೆ, ಅವುಗಳ ಪಕ್ಕದಲ್ಲೇ ಸವಾರರು ತಮ್ಮತಮ್ಮಲ್ಲಿ ಬೇರೊಂದು ಕಟ್ಟಳೆಯನ್ನು ಬೆಳೆಸಿಕೊಂಡರು. ಮುಂದಾಳುವು ಬಿದ್ದರೆ, ಅಥವಾ ಅವನ ಸೈಕಲ್ಲು ಕೆಟ್ಟರೆ, ಆ ಗಳಿಗೆಯಲ್ಲಿ ಅವನನ್ನು ಹಿಂದೆ ಹಾಕಿ ಓಡಕೂಡದು. ಊಟದ ಚೀಲಗಳನ್ನು ಹಂಚುವ ಸ್ಥಳದಲ್ಲಿ ಯಾರೂ ಮುನ್ನುಗ್ಗಕೂಡದು. ಐದಾರು ಗಂಟೆಗಳ ಸವಾರಿಯಲ್ಲಿ ಮೂತ್ರವಿಸರ್ಜನೆಗಾಗಿ ನಿಂತವನ ಮೇಲೆ ಆ ಸಮಯ ನೋಡಿ ದಾಳಿ ಮಾಡಕೂಡದು. ಪ್ಯಾರಿಸ್ಸಿನಲ್ಲಿ ಮುಗಿಯುವ ಕೊನೆಯ ದಿನದ ಸವಾರಿಯಲ್ಲಿ ಹಳದಿ ಅಂಗಿಯವನಿಗೆ ಸಾಮಾನ್ಯವಾಗಿ ಸವಾಲೊಡ್ಡಕೂಡದು. ಇವುಗಳಲ್ಲಿ ಅತಿ ಸೊಗಸಾದುದು ಇನ್ನೊಂದಿದೆ. ದಾರಿಯು ಸವಾರನೊಬ್ಬನ ಹುಟ್ಟೂರಿನ ಮೂಲಕ ಹಾದುಹೋಗುವಾಗ, ಅವನನ್ನು ಸ್ವಲ್ಪ ಮುಂದಕ್ಕೆ ಹೋಗಗೊಡುತ್ತಾರೆ. ಆತ ರಸ್ತೆಯ ಬದಿಯಲ್ಲಿ ಕಾದುನಿಂತ ತಂದೆತಾಯಿಯರನ್ನು, ಹೆಂಡತಿ ಮಕ್ಕಳನ್ನು ತಬ್ಬಿ ಮಾತನಾಡಿಸುವಷ್ಟರಲ್ಲಿ ಗುಂಪು ಬಂದು ಅವನನ್ನು ಕೂಡಿಕೊಳ್ಳುತ್ತದೆ. ನಮ್ಮ ಹಳ್ಳಿಯ ತೇರು ಮನೆಮನೆಯ ಮುಂದೆ ಅರೆಗಳಿಗೆ ನಿಲ್ಲುವಂತೆ ಇದು!

1952ರ ಸ್ಪರ್ಧೆಯಲ್ಲಿ ತೆಗೆದ ಛಾಯಾಚಿತ್ರವೊಂದು ಇಟಲಿಯಲ್ಲಿ ಮನೆಮಾತಾಗಿದೆ. ಫೌಸ್ತೊ ಕೋಪಿ, ಜಿನೊ ಬಾರ್ತಾಲಿ ಎಂಬ ಇಬ್ಬರು ಇಟಾಲಿಯನ್ ಸವಾರರು ಪರ್ವತದ ಏರುದಾರಿಯಲ್ಲಿ ಒಂದೇ ನೀರಿನ ಸೀಸೆಯನ್ನು ಕೈಯಿಂದ ಕೈಗೆ ದಾಟಿಸುತ್ತಿರುವ ಚಿತ್ರ ಅದು. ಇಬ್ಬರೂ ವರ್ಷಗಟ್ಟಲೆ ಒಬ್ಬರನ್ನೊಬ್ಬರು ಸೋಲಿಸಲು ಹೆಣಗಿದವರು. ದೇಶವೇ ಕೋಪಿಯ ಪಕ್ಷ, ಬಾರ್ತಾಲಿಯ ಪಕ್ಷ ಎಂದು ಎರಡಾಗಿತ್ತು. ಸೀಸೆಯನ್ನು ಕೊಟ್ಟವನಾರು, ಪಡೆದವನಾರು ಎಂಬುದು ಚಿತ್ರದಿಂದ ತಿಳಿಯುವುದಿಲ್ಲ. ಈ ಪ್ರಶ್ನೆಯನ್ನು ಇಟಲಿಯವರು ಇಂದಿಗೂ ಚರ್ಚಿಸುತ್ತಾರೆ. ಕೊಟ್ಟದ್ದು ತಮ್ಮವನೇ ಎಂದು ಎರಡು ಪಕ್ಷದವರೂ ಹೇಳಿಕೊಂಡರಲ್ಲದೆ, ಪಡೆದವನು ತಮ್ಮವನೆಂದು ಯಾರೂ ಹೆಮ್ಮೆಪಡಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಹಣಕ್ಕಾಗಿ ದುಡಿಯುವವರು ಇಂತಹ ಔದಾರ್ಯವನ್ನು ಏಕೆ ತೋರುತ್ತಾರೆ? ಹವ್ಯಾಸಕ್ಕಾಗಿ ಆಡುವವನಿಗೆ ಸಜ್ಜನಿಕೆ ಸುಲಭ. ಹೊಟ್ಟೆಪಾಡಿಗೆ ಆಡುವವನಿಗೆ ಅದು ದುಬಾರಿ ಎಂಬುದು ಸಾಮಾನ್ಯವಾದ ನಂಬಿಕೆ. ಸೈಕಲ್ ಸವಾರರ ವಿಷಯದಲ್ಲಿ ಈ ನಂಬಿಕೆ ತಲೆಕೆಳಗಾಗುತ್ತದೆ. ಅವರು ಇಂದು ಸೇರಿ ನಾಳೆ ಚದುರುವವರಲ್ಲ. ವರ್ಷದುದ್ದಕ್ಕೂ, ಹತ್ತು ಹದಿನೈದು ವರ್ಷಗಳ ಕಾಲ, ಅದೇ ಜನ ಅದೇ ರಸ್ತೆಗಳಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಸಾಗಬೇಕು. ಇಂದು ಬಿದ್ದವನು ಆತ. ನಾಳೆ ಬೀಳುವವನು ತಾನಿರಬಹುದು. ಗುಂಪನ್ನು ಬಿಟ್ಟು ಮುಂದೆ ಓಡಿದ ನಾಲ್ವರಲ್ಲಿ ಒಬ್ಬನು ತನ್ನ ಸರದಿಯ ಗಾಳಿಯನ್ನು ಹೊರದೆ ಕಳ್ಳಾಟವಾಡಿದರೆ ಮುಂದಿನ ಸಲ ಅವನೊಡನೆ ಯಾರೂ ಹೆಗಲು ಕೊಡುವುದಿಲ್ಲ. ಆದ್ದರಿಂದ ಈ ನಿಯಮಗಳ ಬೇರಿನಲ್ಲಿ ಧರ್ಮದಷ್ಟೇ ಲೆಕ್ಕಾಚಾರವೂ ಇದೆ. ಅದರಿಂದ ಅವುಗಳ ಬೆಲೆ ಕುಂದುವುದಿಲ್ಲ. ಒಕ್ಕಲುತನದ ಊರುಗಳಲ್ಲಿ ನಾಟಿಯ ಕಾಲಕ್ಕೆ ಒಬ್ಬರ ಗದ್ದೆಗೆ ಇನ್ನೊಬ್ಬರು ಆಳಾಗಿ ಹೋಗುವ ಮುಯ್ಯಾಳಿನ ಪದ್ಧತಿಯೂ ಹೀಗೆಯೇ ಹುಟ್ಟಿದ್ದಲ್ಲವೆ?

ಆದರೆ ಲೆಕ್ಕಾಚಾರದಿಂದ ಮಾತ್ರ ವಿವರಿಸಲಾಗದ ದಿನಗಳೂ ಬರುತ್ತವೆ. 1995ರ ಜುಲೈ 18ರಂದು ಇಟಲಿಯ ಫಾಬಿಯೊ ಕಸಾರ್ತೆಲ್ಲಿ ಎಂಬ ತರುಣನು ಪಿರೆನೀಸಿನ ಇಳಿಜಾರಿನಲ್ಲಿ ಬಿದ್ದು ಪ್ರಾಣ ಕಳೆದುಕೊಂಡನು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಚಿನ್ನದ ಪದಕ ಗಳಿಸಿದವನಾತ. ಮರುದಿನ ಗುಂಪು ಸ್ಪರ್ಧಿಸಲಿಲ್ಲ. ಬೆಟ್ಟಗಳನ್ನೆಲ್ಲ ಮೌನ ಮೆರವಣಿಗೆಯಂತೆ ನಿಧಾನವಾಗಿ ಹತ್ತಿಳಿಯಿತು. ಗುರಿ ಸಮೀಪಿಸಿದಾಗ ಎಲ್ಲರೂ ಹಿಂದೆ ಸರಿದು ಕಸಾರ್ತೆಲ್ಲಿಯ ತಂಡದವರನ್ನು ಮುಂದೆ ಬಿಟ್ಟರು. ಅವರು ಒಟ್ಟಾಗಿ ಗೆರೆಯನ್ನು ದಾಟಿದರು. ಆ ದಿನದ ಬಹುಮಾನದ ಹಣ ಮೃತನ ಕುಟುಂಬಕ್ಕೆ ಸಂದಿತು. ಹೀಗೆ ಮಾಡಬೇಕೆಂದು ಯಾವ ಅಧಿಕಾರಿಯೂ ಆಜ್ಞಾಪಿಸಿರಲಿಲ್ಲ.

2012ರಲ್ಲಿ ಯಾರೋ ದುಷ್ಟರು ಬೆಟ್ಟದ ನೆತ್ತಿಯ ಇಕ್ಕಟ್ಟಾದ ರಸ್ತೆಯಲ್ಲಿ ಸಣ್ಣ ಮೊಳೆಗಳನ್ನು ಚೆಲ್ಲಿದರು. ಹಲವಾರು ಸೈಕಲ್ಲುಗಳ ಚಕ್ರಗಳು ಪಂಕ್ಚರಾದವು. ಹಿಂದಿನ ವರ್ಷದ ವಿಜಯಿ, ಆಸ್ಟ್ರೇಲಿಯಾದ ಕೆಡೆಲ್ ಇವಾನ್ಸನು ಬದಲಿ ಚಕ್ರಕ್ಕಾಗಿ ರಸ್ತೆಯ ಬದಿಯಲ್ಲಿ ದಿಕ್ಕುಗಾಣದೆ ನಿಂತನು. ಹಳದಿ ಅಂಗಿ ತೊಟ್ಟಿದ್ದ ಇಂಗ್ಲೆಂಡಿನ ಬ್ರಾಡ್ಲಿ ವಿಗಿನ್ಸನಿಗೆ ಅದು ಪ್ರತಿಸ್ಪರ್ಧಿಯನ್ನು ತೊಡೆದುಹಾಕುವ ಸುಸಂಧಿ. ಆತ ಗುಂಪಿನ ವೇಗವನ್ನು ತಗ್ಗಿಸಿ, ಬಿದ್ದುಳಿದವರೆಲ್ಲರೂ ಬಂದು ಸೇರುವ ತನಕ ಕಾದನು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಚಿತ್ರವು ಸುಂದರವಾದೀತು, ಆದರೆ ಪೂರ್ಣವಾಗದು. ಬರೆಯದ ನಿಯಮಕ್ಕೆ ಒಂದು ದೊಡ್ಡ ಕೊರತೆಯಿದೆ. ಅದರ ಅರ್ಥವನ್ನು ಹೇಳುವವರಾರು? ಎಷ್ಟು ಹೊತ್ತು ಕಾಯಬೇಕು, ಯಾರಿಗಾಗಿ ಕಾಯಬೇಕು, ಓಟ ಬಿರುಸಾಗಿರುವಾಗಲೂ ಕಾಯಬೇಕೆ? 2010ರ ಟೂರ್ ಈ ಪ್ರಶ್ನೆಗಳನ್ನೆಲ್ಲ ಒಟ್ಟಿಗೇ ಎಬ್ಬಿಸಿತು.

ಆ ವರ್ಷ ಸ್ಪೇನಿನ ಆಲ್ಬರ್ಟೊ ಕಾಂಟಡಾರ್, ಲಕ್ಸೆಂಬರ್ಗಿನ ಆಂಡಿ ಶ್ಲೆಕ್ – ಇವರಿಬ್ಬರ ನಡುವೆ ಹೋರಾಟ. ಜುಲೈ 19ರಂದು ಪಿರೆನೀಸಿನ ಏರಿನಲ್ಲಿ, ಹಳದಿ ಅಂಗಿ ತೊಟ್ಟಿದ್ದ ಶ್ಲೆಕ್ ರಭಸದಿಂದ ಮುನ್ನುಗ್ಗಿದ ಕ್ಷಣದಲ್ಲೇ ಅವನ ಸೈಕಲ್ಲಿನ ಚೈನು ಕಳಚಿತು. ಆತ ಇಳಿದು, ನಡುಗುವ ಕೈಗಳಿಂದ ಚೈನನ್ನು ಏರಿಸುತ್ತಿದ್ದಾಗ ಕಾಂಟಡಾರ್ ಅವನನ್ನು ದಾಟಿ ಹೋದನು, ಹಿಂದಿರುಗಿ ಕಾಯಲಿಲ್ಲ. ಅಂದಿನ ಹಂತ ಮುಗಿದಾಗ ಕಾಂಟಡಾರನಿಗೆ 39 ಸೆಕೆಂಡುಗಳ ಲಾಭವಾಗಿತ್ತು. ಹಳದಿ ಅಂಗಿ ಅವನ ಮೈಗೇರಿತು. ಅಂಗಿ ತೊಡಿಸುವಾಗ ನೆರೆದವರಲ್ಲಿ ಕೆಲವರು ಧಿಕ್ಕಾರದ ಕೂಗು ಹಾಕಿದರು. ಆ ರಾತ್ರಿಯೇ ಆತ ಚಿತ್ರಮುದ್ರಿಕೆಯೊಂದರಲ್ಲಿ ಕಾಣಿಸಿಕೊಂಡು ಕ್ಷಮೆ ಕೇಳಿದನು. ಆರು ದಿನಗಳ ಅನಂತರ ಪ್ಯಾರಿಸ್ಸಿನಲ್ಲಿ ಲೆಕ್ಕ ಮಾಡಿದಾಗ ಅವನು ಗೆದ್ದ ಅಂತರವೂ ಸರಿಯಾಗಿ 39 ಸೆಕೆಂಡುಗಳೇ ಆಗಿದ್ದವು.

ಕಾಂಟಡಾರನು ತಪ್ಪಿತಸ್ಥನೆಂದು ಹೇಳಿಬಿಡುವುದು ಸುಲಭ. ಆದರೆ ಎರಡು ವಾರ ಹಿಂದಕ್ಕೆ ಹೋಗಿ ನೋಡಬೇಕು. ಜುಲೈ 5ರಂದು, ಬೆಲ್ಜಿಯಮ್ಮಿನ ಒದ್ದೆ ಇಳಿಜಾರಿನಲ್ಲಿ ಬಹುಮಂದಿ ಜಾರಿಬಿದ್ದರು. ಬಿದ್ದವರಲ್ಲಿ ಶ್ಲೆಕ್ ಒಬ್ಬ. ಅಂದು ಹಳದಿ ಅಂಗಿ ತೊಟ್ಟಿದ್ದವನು ಅವನದೇ ತಂಡದ ಫಾಬಿಯನ್ ಕಾನ್ಸೆಲಾರಾ. ಆತ ಗುಂಪನ್ನೆಲ್ಲ ತಡೆದು ನಿಧಾನಗೊಳಿಸಿದನು. ಮುಂದೆ ಓಡಿದ್ದ ಬೇರೊಬ್ಬನಿಗೆ ತನ್ನ ಹಳದಿ ಅಂಗಿಯನ್ನೇ ಬಿಟ್ಟುಕೊಟ್ಟಂತಾಯಿತು. ಎಲ್ಲರೂ ಕಾದುದರಿಂದ ಶ್ಲೆಕ್ ಉಳಿದುಕೊಂಡ. ಕಾದವರಲ್ಲಿ ಕಾಂಟಡಾರನೂ ಇದ್ದ. ಮಾರನೆಯ ದಿನ ಕಲ್ಲುಹಾಸಿನ ರಸ್ತೆಯಲ್ಲಿ ಶ್ಲೆಕ್‌ನ ಅಣ್ಣನೇ ಬಿದ್ದು, ಅವನ ಹಿಂದೆ ಬರುತ್ತಿದ್ದ ಕಾಂಟಡಾರನಿಗೆ ತಡೆಯಾಯಿತು. ಆಗ ಅದೇ ಕಾನ್ಸೆಲಾರಾ ಕಾಯಲಿಲ್ಲ. ಶ್ಲೆಕ್‌ನನ್ನು ಬೆನ್ನ ಹಿಂದೆ ಇರಿಸಿಕೊಂಡು ಬಿರುಗಾಳಿಯಂತೆ ತುಳಿದು, ಕಾಂಟಡಾರನಿಗೆ ಒಂದು ನಿಮಿಷಕ್ಕೂ ಮಿಕ್ಕಿದ ನಷ್ಟವನ್ನುಂಟುಮಾಡಿದನು. ಕಲ್ಲುಹಾಸಿನ ಮೇಲೆ ಬೀಳುವುದು ಆಟದ ಅಂಗ, ಒದ್ದೆ ಇಳಿಜಾರಿನಲ್ಲಿ ಬೀಳುವುದು ಆಕಸ್ಮಿಕ ಎಂಬ ಸಮಾಧಾನವನ್ನು ಕೆಲವರು ಕೊಟ್ಟರು. ಚೈನು ಕಳಚಿದ್ದು ಇವೆರಡರಲ್ಲಿ ಯಾವುದು? ನಿಯಮವು ಬರೆಹದಲ್ಲಿದ್ದರೆ ಪುಸ್ತಕ ತೆರೆದು ನೋಡಬಹುದಿತ್ತು. ಈಗ ನೋಡಬೇಕಾದದ್ದು ಅವರವರ ಮನಸ್ಸನ್ನು. ಅಲ್ಲಿಯಾದರೋ ಪ್ರತಿಯೊಬ್ಬನ ಪುಸ್ತಕದಲ್ಲಿ ಬೇರೆ ಬೇರೆ ಪುಟವೇ ತೆರೆದಿರುತ್ತದೆ.

ಈ ಕಥೆಗೆ ಇನ್ನೊಂದು ತಿರುವಿದೆ. ಆ ಸ್ಪರ್ಧೆಯ ಕಾಲದಲ್ಲಿ ಕಾಂಟಡಾರನ ದೇಹದಲ್ಲಿ ನಿಷಿದ್ಧ ಮದ್ದಿನ ಅಂಶ ಪತ್ತೆಯಾಗಿತ್ತು. 2012ರ ಫೆಬ್ರವರಿಯಲ್ಲಿ ಕ್ರೀಡಾ ನ್ಯಾಯಮಂಡಲಿಯು ಅವನ ಪ್ರಶಸ್ತಿಯನ್ನು ಕಿತ್ತುಕೊಂಡಿತು. ಅದು ಶ್ಲೆಕ್‌ಗೆ ಸಂದಿತು. ಬರೆಯದ ನಿಯಮದಿಂದ ದೊರಕದ ನ್ಯಾಯ ಬರೆದ ನಿಯಮದಿಂದ ದೊರಕಿತೆಂದು ಹೇಳಬಹುದೇನೋ. ಆದರೆ ರಸ್ತೆಯ ಮೇಲೆ ಗೆಲ್ಲಬೇಕೆಂದಿದ್ದವನಿಗೆ ಕಚೇರಿಯಿಂದ ಬಂದ ಗೆಲುವು ಎಷ್ಟು ರುಚಿಸೀತು?

2022ರ ಜುಲೈ 21ರಂದು ಇಂತಹುದೇ ಸನ್ನಿವೇಶ ಮತ್ತೆ ಒದಗಿತು. ಡೆನ್ಮಾರ್ಕಿನ ಯೋನಾಸ್ ವಿಂಗೆಗಾರ್ಡ್ ಮುಂದಾಳು. ಸ್ಲೊವೇನಿಯದ ತಾದೇ ಪೊಗಾಚಾರ್, ಹಿಂದಿನ ಎರಡು ವರ್ಷಗಳ ವಿಜಯಿ, ಅವನನ್ನು ಹಿಂದೆ ಹಾಕಲು ಇಳಿಜಾರಿನಲ್ಲಿ ಅಪಾಯವನ್ನು ಲೆಕ್ಕಿಸದೆ ಧಾವಿಸುತ್ತಿದ್ದ. ವಿಂಗೆಗಾರ್ಡ್ ಒಮ್ಮೆ ಬೀಳುವುದರಲ್ಲಿದ್ದು ಹೇಗೋ ಸಾವರಿಸಿಕೊಂಡ. ಕೆಲವೇ ಕ್ಷಣಗಳಲ್ಲಿ ಪೊಗಾಚಾರನೇ ರಸ್ತೆಯ ಅಂಚಿನ ಜಲ್ಲಿಯಲ್ಲಿ ಜಾರಿಬಿದ್ದ. ವಿಂಗೆಗಾರ್ಡ್ ವೇಗವನ್ನು ತಗ್ಗಿಸಿ, ಹಿಂದೆ ನೋಡುತ್ತ, ಕಾದ. ತೊಡೆ ತರಚಿದ ಪೊಗಾಚಾರ್ ಬಂದು ಸೇರಿ ಕೈ ಚಾಚಿದ. ಇಬ್ಬರೂ ಸೈಕಲ್ಲಿನ ಮೇಲೆಯೇ ಕೈಕುಲುಕಿದರು. ಮುಂದಿನ ಬೆಟ್ಟದಲ್ಲಿ ವಿಂಗೆಗಾರ್ಡ್ ಅವನನ್ನು ಒಂದು ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಸೋಲಿಸಿದ.

ಬರೆಯದ ನಿಯಮಗಳಲ್ಲಿ ಒಳ್ಳೆಯವು ಮಾತ್ರ ಇರುತ್ತವೆಂದು ಭಾವಿಸುವುದು ಭೋಳೆತನ. ಅಮೆರಿಕದ ಲಾನ್ಸ್ ಆರ್ಮ್‌ಸ್ಟ್ರಾಂಗ್ 2001ರಲ್ಲಿ ತನ್ನ ಪ್ರತಿಸ್ಪರ್ಧಿಯಾದ ಜರ್ಮನಿಯ ಯಾನ್ ಉಲ್ರಿಚ್ ಇಳಿಜಾರಿನಲ್ಲಿ ರಸ್ತೆ ಬಿಟ್ಟು ಉರುಳಿದಾಗ ಕಾದು ನಿಂತಿದ್ದ. 2003ರಲ್ಲಿ ಪ್ರೇಕ್ಷಕನ ಚೀಲಕ್ಕೆ ಸಿಕ್ಕಿ ಆರ್ಮ್‌ಸ್ಟ್ರಾಂಗ್ ಬಿದ್ದಾಗ ಉಲ್ರಿಚ್ ಮತ್ತು ಸಂಗಡಿಗರು ವೇಗ ತಗ್ಗಿಸಿ ಅವನಿಗಾಗಿ ಕಾದರು. ಲೋಕವೆಲ್ಲ ಇಬ್ಬರನ್ನೂ ಕೊಂಡಾಡಿತು. ಆದರೆ ಅದೇ ಗುಂಪಿನಲ್ಲಿ ಆಗ ಇನ್ನೊಂದು ಬರೆಯದ ನಿಯಮವೂ ನಡೆಯುತ್ತಿತ್ತು: ಮದ್ದು ಸೇವನೆಯ ವಿಚಾರವನ್ನು ಹೊರಗೆ ಹೇಳಕೂಡದೆಂಬುದು. ಫಿಲಿಪೊ ಸಿಮಿಯೋನಿ ಎಂಬ ಇಟಲಿಯ ಸಾಮಾನ್ಯ ಸವಾರನೊಬ್ಬ, ಆರ್ಮ್‌ಸ್ಟ್ರಾಂಗನೊಡನೆ ಕೆಲಸ ಮಾಡುತ್ತಿದ್ದ ವೈದ್ಯನ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದಿದ್ದ. 2004ರ ಸ್ಪರ್ಧೆಯಲ್ಲಿ ಆತ ಗುಂಪನ್ನು ಬಿಟ್ಟು ಮುಂದೆ ಓಡಿದವರನ್ನು ಕೂಡಿಕೊಳ್ಳಲು ಹೊರಟಾಗ, ಹಳದಿ ಅಂಗಿಯ ಆರ್ಮ್‌ಸ್ಟ್ರಾಂಗನೇ ಅವನ ಬೆನ್ನಟ್ಟಿದನು. ಮುಂದಾಳುವು ಅಲ್ಲಿರುವವರೆಗೆ ಆ ಓಟಕ್ಕೆ ಗೆಲುವಿನ ಆಸೆಯಿಲ್ಲ. ಇತರರ ಸಲುವಾಗಿ ಸಿಮಿಯೋನಿ ಹಿಂದೆ ಸರಿಯಬೇಕಾಯಿತು. ಗುಂಪಿಗೆ ಮರಳಿದ ಮೇಲೆ ಆರ್ಮ್‌ಸ್ಟ್ರಾಂಗ್ ತುಟಿಗಳ ಮೇಲೆ ಬೆರಳೆಳೆದು, ಬಾಯಿ ಹೊಲಿಯುವ ಸನ್ನೆ ಮಾಡಿದನು. ಸತ್ಯ ನುಡಿದವನನ್ನು ಗುಂಪಿನಲ್ಲಿ ಹಲವರು ಮೂದಲಿಸಿದರು. 2012ರಲ್ಲಿ ಆರ್ಮ್‌ಸ್ಟ್ರಾಂಗನ ಏಳು ಪ್ರಶಸ್ತಿಗಳೂ ರದ್ದಾದವು; 2013ರ ಜನವರಿಯಲ್ಲಿ ಆತ ಮದ್ದು ಸೇವಿಸಿದ್ದನ್ನು ತಾನೇ ಒಪ್ಪಿಕೊಂಡನು. ಬಿದ್ದವನಿಗಾಗಿ ಕಾದದ್ದೂ ಅವನೇ, ನುಡಿದವನನ್ನು ಬೆನ್ನಟ್ಟಿದ್ದೂ ಅವನೇ. ಒಂದೇ ಗುಂಪಿನ ನಿಷ್ಠೆಯಿಂದ ಎರಡೂ ಹುಟ್ಟಿದವು.

ಕರ್ನಾಟಕದಲ್ಲಿ ಸೈಕಲ್ ಸ್ಪರ್ಧೆಯ ತವರೆಂದರೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು. ಎರೆಯ ಬಯಲಿನ ನೇರ ರಸ್ತೆಗಳಲ್ಲಿ ಗಾಳಿಯೊಡನೆ ಸೆಣಸಿ ಬೆಳೆದ ರೈತರ ಮಕ್ಕಳು ರಾಷ್ಟ್ರಮಟ್ಟದ ಪದಕಗಳನ್ನು ಗಳಿಸುತ್ತ ಬಂದಿದ್ದಾರೆ. ಹಲವರು ಆ ಬಲದಿಂದ ರೈಲ್ವೆಯಲ್ಲಿ ಉದ್ಯೋಗ ಪಡೆದಿದ್ದಾರೆ. ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾ ಶಾಲೆಯೂ ಸೈಕಲ್ ಪಟುಗಳನ್ನು ತಯಾರಿಸಿದೆ. ಸ್ಪರ್ಧೆಗೆ ತಕ್ಕ ಸೈಕಲ್ಲಿನ ಬೆಲೆ ಲಕ್ಷಗಳಲ್ಲಿರುವಾಗ, ಈ ಮಕ್ಕಳಿಗೆ ಒಂದು ಸೋಲಿನ ಅರ್ಥ ಯೂರೋಪಿನ ಸವಾರನಿಗೆ ಆಗುವುದಕ್ಕಿಂತ ಹೆಚ್ಚೇ ಇದ್ದೀತು. ಕರಾವಳಿಯಲ್ಲಿ ಸೈಕಲ್ಲಿಗಿಂತ ಕಂಬಳದ್ದೇ ಹೆಚ್ಚಿನ ಪ್ರತಿಷ್ಠೆ. ಅಲ್ಲಿ ಹಿಂದಿನ ಕಾಲದಲ್ಲಿ ಗೆದ್ದ ಕೋಣಗಳ ಯಜಮಾನನಿಗೆ ಸಿಗುತ್ತಿದ್ದುದು ಬಾಳೆಗೊನೆ, ತೆಂಗಿನಕಾಯಿಗಳ ಮರ್ಯಾದೆ. ಇಂದು ಚಿನ್ನದ ಪದಕ. ಯಾವ ಜೋಡಿ ಮೊದಲು ಮುಟ್ಟಿತೆಂಬುದನ್ನು ಹಿರಿಯರ ಕಣ್ಣು ಹೇಳುತ್ತಿದ್ದ ಕಾಲವೂ ಹೋಗಿ, ಬೆಳಕಿನ ಕಿರಣದ ಯಂತ್ರಗಳು ಬಂದಿವೆ. ಬಹುಮಾನ ದೊಡ್ಡದಾದಷ್ಟೂ ಜನರು ಬಾಯಿಮಾತಿಗಿಂತ ಯಂತ್ರವನ್ನು ಹೆಚ್ಚು ನಂಬುತ್ತಾರೆ.

ಬರೆಯದ ನಿಯಮಕ್ಕಾಗಿ ಕನ್ನಡಿಗನೊಬ್ಬನು ತೆತ್ತ ಬೆಲೆಯ ಉದಾಹರಣೆ ಬೇಕಾದರೆ ಕ್ರಿಕೆಟ್ಟಿನ ಅಂಗಳಕ್ಕೆ ಹೋಗಬೇಕು. 1980ರ ಫೆಬ್ರವರಿಯಲ್ಲಿ ಭಾರತೀಯ ಕ್ರಿಕೆಟ್ ಮಂಡಲಿಯ ಸುವರ್ಣ ಮಹೋತ್ಸವದ ನೆನಪಿಗಾಗಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ವಿರುದ್ಧ ಟೆಸ್ಟ್ ಪಂದ್ಯ ನಡೆಯಿತು. ಭಾರತದ ನಾಯಕರು ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್. ಆ ವಾರವಷ್ಟೇ ಅವರಿಗೆ 31 ವರ್ಷ ತುಂಬಿತ್ತು. ಪಂದ್ಯದ ನಡುವೆ, ಫೆಬ್ರವರಿ 16ರಂದು, ಸೂರ್ಯಗ್ರಹಣದ ಕಾರಣ ವಿಶ್ರಾಂತಿ ಕೊಟ್ಟಿದ್ದರು. ಅಂಕೋಲೆಯಿಂದ ರಾಯಚೂರಿನವರೆಗೆ ಕರ್ನಾಟಕದ ನೆಲದಲ್ಲಿ ಹಗಲೇ ಕತ್ತಲೆ ಕವಿದ ಆ ಪ್ರಸಿದ್ಧ ಗ್ರಹಣವೇ ಇದು.

ಭಾರತವು ಮೊದಲು ಆಡಿ 242 ರನ್ ಗಳಿಸಿತ್ತು. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡು ಕಂಗೆಟ್ಟಿತ್ತು. ಇಯಾನ್ ಬಾತಮ್‌ನೊಡನೆ ಬಾಬ್ ಟೇಲರ್ ಜೊತೆಗೂಡಿ ಒಂದಿಷ್ಟು ರನ್ ಸೇರಿಸಿದ್ದರು. ಆಗ ಕಪಿಲ್ ದೇವ್ ಎಸೆದ ಚೆಂಡನ್ನು ಟೇಲರ್ ಎದುರಿಸಲು, ವಿಕೆಟ್ ಹಿಂದೆ ಕರ್ನಾಟಕದವರೇ ಆದ ಸೈಯದ್ ಕಿರ್ಮಾನಿ ಹಿಡಿದರು. ಮನವಿಗೆ ಒಪ್ಪಿ ಅಂಪೈರರು ಬೆರಳೆತ್ತಿದರು. ಚೆಂಡು ದಾಂಡಿಗೆ ತಾಗಲಿಲ್ಲವೆಂಬ ಭಾವ ಟೇಲರರ ಮುಖದಲ್ಲಿತ್ತು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೂ ಹಾಗೆಯೇ ಅನಿಸಿತು. ಅವರು ಅಂಪೈರರ ಬಳಿಗೆ ಹೋಗಿ ಮನವಿಯನ್ನು ಹಿಂದಕ್ಕೆ ಪಡೆದು, ಟೇಲರರನ್ನು ಮರಳಿ ಕರೆದರು. ನಾಯಕನು ಅಂಪೈರರ ಸಮ್ಮತಿಯಿಂದ ಹೀಗೆ ಮಾಡಬಹುದೆಂದು ಕ್ರಿಕೆಟ್ ನಿಯಮಾವಳಿ ಹೇಳುತ್ತದೆ. ಮಾಡಲೇಬೇಕೆಂದು ಎಲ್ಲಿಯೂ ಹೇಳುವುದಿಲ್ಲ.

ಮುಂದಿನದು ಕಹಿ ಲೆಕ್ಕ. ಟೇಲರ್ 43 ರನ್ ಗಳಿಸಿದರು. ಆರನೆಯ ವಿಕೆಟ್ಟಿಗೆ ಅವರೂ ಬಾತಮ್ಮರೂ ಸೇರಿಸಿದ್ದು 171. ಬಾತಮ್ 114 ರನ್ನುಗಳಲ್ಲದೆ ಪಂದ್ಯದಲ್ಲಿ 13 ವಿಕೆಟ್ಟುಗಳನ್ನೂ ಕಿತ್ತರು. ಭಾರತವು ಹತ್ತು ವಿಕೆಟ್ಟುಗಳಿಂದ ಸೋತಿತು. ಟೇಲರರನ್ನು ಕರೆಯದಿದ್ದರೆ ಭಾರತ ಗೆಲ್ಲುತ್ತಿತ್ತೆ? ಬಾತಮ್ ಬೌಲ್ ಮಾಡಿದ ರೀತಿಯನ್ನು ನೋಡಿದರೆ ಖಂಡಿತವಾಗಿ ಹೇಳಲಾಗದು. ಹಾಗೆ ಹೇಳಲಾಗದೆಂಬುದು ಆಗ ಗೊತ್ತಿರಲಿಲ್ಲ. ಐದು ವಿಕೆಟ್ ಉರುಳಿದ್ದ ಎದುರಾಳಿಗೆ ಆರನೆಯದನ್ನು ಮರಳಿ ಕೊಟ್ಟಾಗ ವಿಶ್ವನಾಥರ ಮುಂದೆ ಇದ್ದುದು ಗೆಲುವಿನ ಅವಕಾಶವೇ. ನಾಯಕನಿಗೆ ಸ್ವಂತದ ಉದಾರತೆಯನ್ನು ದೇಶದ ಖರ್ಚಿನಲ್ಲಿ ತೋರುವ ಹಕ್ಕಿದೆಯೆ ಎಂದು ಕೇಳುವವರಿದ್ದಾರೆ. ಇದು ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಔಟಾಗಿಲ್ಲವೆಂದು ತಾನು ಬಲ್ಲ ದಾಂಡಿಗನ ವಿಕೆಟ್ಟನ್ನು ಇಟ್ಟುಕೊಂಡು ಗೆದ್ದರೆ ಆ ಗೆಲುವು ದೇಶದ್ದೆನ್ನಬೇಕೆ, ಅಂಪೈರರ ತಪ್ಪಿನದೆನ್ನಬೇಕೆ?

ಹತ್ತೊಂಬತ್ತು ವರ್ಷಗಳ ತರುವಾಯ, 1999ರ ಫೆಬ್ರವರಿ 7ರಂದು, ದೆಹಲಿಯಲ್ಲಿ ಪಾಕಿಸ್ತಾನದ ಎದುರು ಅನಿಲ್ ಕುಂಬ್ಳೆ ಒಂಬತ್ತು ವಿಕೆಟ್ಟುಗಳನ್ನು ಗಳಿಸಿದ್ದರು. ಉಳಿದುದು ಒಂದೇ. ಇನ್ನೊಂದು ತುದಿಯಿಂದ ಬೌಲ್ ಮಾಡಬೇಕಾಗಿದ್ದವರು ಮೈಸೂರಿನ ಜಾವಗಲ್ ಶ್ರೀನಾಥ್. ಆ ಹತ್ತನೆಯ ವಿಕೆಟ್ಟು ಅವರಿಗೆ ದೊರೆತರೆ ಅದು ನ್ಯಾಯವಾಗಿಯೇ ಅವರದು. ಅವರು ಚೆಂಡುಗಳನ್ನು ಗೂಟಗಳಿಂದ ದೂರ ಎಸೆಯುತ್ತ ತಮ್ಮ ಓವರನ್ನು ಕಳೆದರು. ಮುಂದೆ ಕುಂಬ್ಳೆ ಹತ್ತನೆಯದನ್ನೂ ಪಡೆದು, 74 ರನ್ನಿಗೆ ಹತ್ತು ವಿಕೆಟ್ ಎಂಬ ದಾಖಲೆಯನ್ನು ಮೆರೆದರು. ನಾಯಕನಿಗಾಗಿ ಗಾಳಿಗೆ ಎದೆಯೊಡ್ಡುವ ಆ ಸೈಕಲ್ ಸವಾರನ ಕೆಲಸವನ್ನೇ ಶ್ರೀನಾಥರು ಅಂದು ಮಾಡಿದ್ದು. ದಾಖಲೆಯ ಪುಟದಲ್ಲಿ ಆ ಓವರಿನ ಲೆಕ್ಕದಲ್ಲಿ ವಿಕೆಟ್ಟಿನ ಜಾಗ ಖಾಲಿಯಾಗಿದೆ. ಗೆಲ್ಲಲು ಎದುರಾಳಿಯನ್ನು ಔಟು ಮಾಡಲು ಯತ್ನಿಸದಿರುವುದು ಆಟಕ್ಕೆ ಮಾಡಿದ ಅಪಚಾರವಲ್ಲವೆ ಎಂದು ಶಾಸ್ತ್ರ ಹಿಡಿದು ವಾದಿಸಬಹುದು. ಪಂದ್ಯವು ಅಷ್ಟು ಹೊತ್ತಿಗೆ ಭಾರತದ ಕೈಸೇರಿದ್ದುದರಿಂದ ಯಾರಿಗೂ ಕೇಡಾಗಲಿಲ್ಲವೆಂಬುದೊಂದೇ ಅದಕ್ಕೆ ಉತ್ತರ.

ಮುಂಬಯಿಯ ಆ ಪಂದ್ಯದ ಅನಂತರ ವಿಶ್ವನಾಥರು ಟೆಸ್ಟ್ ತಂಡದ ನಾಯಕರಾಗಲಿಲ್ಲ. ಒಟ್ಟು ಎರಡೇ ಟೆಸ್ಟುಗಳಲ್ಲಿ ಅವರಿಗೆ ಆ ಪದವಿ ಒದಗಿತ್ತು. 1999ರಿಂದ 2004ರವರೆಗೆ ಅವರು ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿ, ಬರೆದ ನಿಯಮಗಳನ್ನು ಮುರಿದ ಆಟಗಾರರನ್ನು ವಿಚಾರಿಸಿ ದಂಡ ವಿಧಿಸುವ ಅಧಿಕಾರದಲ್ಲಿದ್ದರು. 2006ರಲ್ಲಿ ಅದೇ ಹುದ್ದೆಗೆ ಶ್ರೀನಾಥರು ನೇಮಕಗೊಂಡರು.